ತಲೆಯೊಳಗೊಂದು ಮುಯ್ಯಿ ಪುಸ್ತಕ

ಇದು ಹಾಸನದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದು. ಗೆಳೆಯರೊಬ್ರು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ರು, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯದಲ್ಲಿ ಕರೆಂಟ್ ಹೋಗಿ ಒಂದಷ್ಟು ಹೊತ್ತು ಮೈಕಿಲ್ದೆ ಮಾತಾಡಿದ್ದು, ರೆಕಾರ್ಡಿಂಗಲ್ಲಿ ಬರೀ ಕೆಮ್ಮು, ಕುರ್ಚಿ ಎಳೆಯೋ ಸದ್ದು ಇದೆ, ಅಲ್ಲಿ ನೆನಪಿನ ಮೇಲೆ ತುಂಬಿಸಿದೀನಿ. ಕೊನೇಲಿ ನಡೆದಿದ್ದಂತೂ ರೆಕಾರ್ಡ್ ಆಗೇ ಇಲ್ಲ, ಆದ್ರೆ ಅದನ್ನ ಬರೀದೇ ಬಿಟ್ರೆ ನಾನು ಸ್ಟೇಜ್ ಮೇಲೆ ಹೇಳಿದ ಒಂದು ತಪ್ಪು ಹಾಗೇ ಉಳಿದುಬಿಡುತ್ತೆ.

ಎಲ್ರಿಗೂ ನಮಸ್ಕಾರ. ಕಾರ್ಡಲ್ಲಿ 'ವಿಕಾಸವಾದ ಮತ್ತು ಮನುಷ್ಯನ ಮನಸ್ಸು' ಅಂತ ದೊಡ್ಡದಾಗಿ ಹಾಕ್ಬಿಟ್ಟಿದಾರೆ, ಅಷ್ಟು ದೊಡ್ಡ ವಿಷಯ ಒಂದು ಸಂಜೇಲಿ ಮುಗಿಯಲ್ಲ, ಅದಕ್ಕೆ ನಾನು ಮನೆಯಿಂದ ಒಂದು ಪುಸ್ತಕ ತಂದಿದೀನಿ, ಇದನ್ನ ಹಿಡ್ಕೊಂಡೇ ಮಾತಾಡ್ತೀನಿ. ನೋಡಿ, ಕೆಂಪು ರಟ್ಟು, ಮೂಲೆಗಳಿಗೆ ಅರಿಶಿನ ಹಚ್ಚಿದ್ದು ಇನ್ನೂ ಹೋಗಿಲ್ಲ. 1974ರಲ್ಲಿ ಆಲೂರು ಕಡೆ ನಮ್ಮ ಊರಲ್ಲಿ ನಮ್ಮ ಸೋದರತ್ತೆ ಮದುವೆ ಆಯ್ತು, ಆ ಮದುವೆಯ ಮುಯ್ಯಿ ಪುಸ್ತಕ ಇದು. ಬರೆದಿದ್ದು ನಮ್ಮಜ್ಜ, ಇಂಕ್ ಪೆನ್ನಲ್ಲಿ. 'ಮೇಲಿನಮನೆ, 5 ರೂ, ತೆಂಗಿನಕಾಯಿ 2.' 'ಕೆರೆ ಏರಿ ಮನೆ, ಅಕ್ಕಿ 4 ಸೇರು, ಬೆಲ್ಲ 2 ಅಚ್ಚು.' ಹೀಗೇ ಹದಿನೇಳು ಪುಟ. ಪಕ್ಕದಲ್ಲಿ ಇನ್ನೊಂದು ಕಾಲಂ ಖಾಲಿ ಬಿಟ್ಟಿದಾರೆ, ಅದರಲ್ಲಿ ನಮ್ಮಪ್ಪ ನೀಲಿ ಬಾಲ್ ಪೆನ್ನಲ್ಲಿ ವರ್ಷಗಳ ಮೇಲೆ ತುಂಬಿಸ್ತಾ ಹೋಗಿದಾರೆ, 'ಮಗನ ಮದುವೆ 1983, 11 ರೂ ಕೊಟ್ಟಿದೆ', 'ಗೃಹಪ್ರವೇಶ, 21 ಕೊಟ್ಟಿದೆ'. ಒಂದು ಮನೆ ಹೆಸರಿನ ಮುಂದೆ ಮಾತ್ರ ಅಜ್ಜ ದುಡ್ಡು ಬರೆದಿಲ್ಲ, 'ಬಂದಿಲ್ಲ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದಾರೆ. ಆ ಎರಡನೇ ಗೆರೆ ಎಳೆಯೋವಾಗ ಪೆನ್ನು ಪೇಪರ್ ಹರ್ಕೊಂಡು ಹೋಗಿದೆ. ಮುಂದಿನ ಸಾಲಲ್ಲಿ ಕೂತವ್ರು ಬೇಕಾದ್ರೆ ಕೈಯಾಡಿಸಿ ನೋಡಿ, ತಿಳಿಯುತ್ತೆ.

ಈಗ ಮುಯ್ಯಿ ಅನ್ನೋ ಪದ ತಗೊಳ್ಳಿ. ಮದುವೇಲಿ ಕೊಡೋದು ಮುಯ್ಯಿ. ನಾಟಿ ಟೈಮಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು ಬರ್ತೀವಿ, ನಾಡಿದ್ದು ನಮ್ಮ ಗದ್ದೆಗೆ ನೀವು ಬನ್ನಿ ಅನ್ನೋದು ಮುಯ್ಯಾಳು. ಯಾರೋ ನಮಗೆ ಮೋಸ ಮಾಡಿದ್ರು, ಕಾದು ಕೂತು ಅವ್ರಿಗೆ ಒಂದು ಕೊಟ್ವಿ ಅಂದ್ರೆ ಅದೂ ಮುಯ್ಯಿ ತೀರಿಸ್ಕೊಂಡಿದ್ದೇ. ಉಡುಗೊರೆಗೂ ದುಡಿಮೆಗೂ ಸೇಡಿಗೂ ನಮ್ಮ ಭಾಷೆ ಒಂದೇ ಪದ ಇಟ್ಕೊಂಡಿದೆ. ನಾನು ಕಾಲೇಜಲ್ಲಿ ಜೂವಾಲಜಿ ಪಾಠ ಮಾಡ್ತಿದ್ದಾಗ ಬಹಳ ವರ್ಷ ಇದು ನನಗೆ ಹೊಳೆದೇ ಇರ್ಲಿಲ್ಲ, ಇಂಗ್ಲಿಷಲ್ಲಿ ಬೇರೆ ಬೇರೆ ಹೆಸರಲ್ಲಿ ಓದ್ತಿದ್ದ ಮೂರು ವಿಷಯ ಒಂದೇ ಯಂತ್ರದ್ದು ಅಂತ ನಮ್ಮೂರಿನ ಜನ ಯಾವಾಗ್ಲೋ ಕಂಡ್ಕೊಂಡಿದ್ರು. ಇವತ್ತು ನಾನು ಹೇಳೋದು ಅಷ್ಟೇ: ಈ ಪುಸ್ತಕ ಕಾಗದದ ಮೇಲೆ ಬರೋಕೆ ಮುಂಚೆ ಲಕ್ಷಾಂತರ ವರ್ಷದಿಂದ ತಲೆಯೊಳಗಿತ್ತು, ಅದು ಅಲ್ಲಿಗೆ ಹೇಗೆ ಬಂತು ಅನ್ನೋದು.

ಲಕ್ಷಾಂತರ ಅಂದ್ರೆ ಎಷ್ಟು ಅಂತ ಒಂದು ಅಂದಾಜಿರಲಿ. ಮೊರಾಕೊದ ಜೆಬೆಲ್ ಇರ್ಹೂದ್ ಅನ್ನೋ ಜಾಗದಲ್ಲಿ ಸಿಕ್ಕ ತಲೆಬುರುಡೆಗಳ ಪ್ರಕಾರ ನಮ್ಮ ಜಾತಿಯ ಮನುಷ್ಯ, ಜಾತಿ ಅಂದ್ರೆ ಸ್ಪೀಶೀಸ್ ಮಾರಾಯ್ರೆ, ಸುಮಾರು 3 ಲಕ್ಷ ವರ್ಷದಿಂದ ಇದಾನೆ. ಆ 3 ಲಕ್ಷ ವರ್ಷಾನ ಒಂದು ದಿನ ಅಂತ ಇಟ್ಕೊಂಡ್ರೆ ಬೇಸಾಯ ಶುರುವಾಗಿದ್ದು ರಾತ್ರಿ ಹನ್ನೊಂದು ಗಂಟೆ ಮೇಲೆ, ನಮ್ಮ ಹಲ್ಮಿಡಿ ಶಾಸನ ಕೆತ್ತಿದ್ದು ಹನ್ನೆರಡಾಗೋಕೆ ಏಳೆಂಟು ನಿಮಿಷ ಇರೋವಾಗ, ಕೈಗೆ ಮೊಬೈಲ್ ಬಂದಿದ್ದು ಕೊನೇ ಏಳೆಂಟು ಸೆಕೆಂಡಲ್ಲಿ. ಮಿಕ್ಕಿದ್ದೆಲ್ಲಾ ಸಣ್ಣ ಸಣ್ಣ ಗುಂಪಲ್ಲಿ ಬೇಟೆ ಆಡ್ಕೊಂಡು ಗೆಡ್ಡೆ ಗೆಣಸು ಅಗೆದು ತಿಂದ್ಕೊಂಡು ಇದ್ದಿದ್ದು. ನಮ್ಮ ತಲೆ ಹದವಾಗಿದ್ದು ಅಲ್ಲಿ.

ಡಾರ್ವಿನ್ 1859ರಲ್ಲಿ ತನ್ನ ವಾದ ಮುಂದಿಟ್ಟಾಗ ಅವನಿಗೇ ಒಂದು ತಲೆನೋವಿತ್ತು. ಬದುಕಿ ಉಳಿದು ಮಕ್ಕಳು ಮರಿ ಮಾಡಿದ ಜೀವಿಯ ಗುಣ ಮುಂದಕ್ಕೆ ಹೋಗುತ್ತೆ ಅಂದ್ಮೇಲೆ, ಇನ್ನೊಬ್ರಿಗೋಸ್ಕರ ಕಷ್ಟಪಡೋ ಗುಣ ಹೇಗೆ ಉಳೀತು? ಜೇನುಹುಳ ಕುಟುಕಿದ್ರೆ ತಾನೇ ಸಾಯುತ್ತೆ, ಆದ್ರೂ ಕುಟುಕುತ್ತೆ. ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1964ರಲ್ಲಿ, ಹ್ಯಾಮಿಲ್ಟನ್ ಅನ್ನೋ ಇಂಗ್ಲಿಷ್ ಜೀವವಿಜ್ಞಾನಿ ಲೆಕ್ಕ ಹಾಕಿ ತೋರಿಸ್ದ. ನನ್ನ ವಂಶವಾಹಿ ನನ್ನ ಮೈಯಲ್ಲಿ ಮಾತ್ರ ಇಲ್ಲ, ಅಣ್ಣತಮ್ಮಂದಿರಲ್ಲಿ ಅರ್ಧ ಪಾಲು ಇದೆ, ಚಿಕ್ಕಪ್ಪನ ಮಕ್ಕಳಲ್ಲಿ ಎಂಟನೇ ಒಂದು ಪಾಲು ಇದೆ, ಹಾಗಾಗಿ ನನಗೆ ನಷ್ಟ ಆದ್ರೂ ಅವ್ರಿಗೆ ಸಾಕಷ್ಟು ಲಾಭ ಆದ್ರೆ ಆ ಗುಣ ಉಳಿಯುತ್ತೆ. ಹಾಲ್ಡೇನ್ ಅನ್ನೋ ಇನ್ನೊಬ್ಬ ಇಂಗ್ಲಿಷ್ ಜೀವವಿಜ್ಞಾನಿ ಇದನ್ನೇ ತಮಾಷೆಯಾಗಿ ಹೇಳಿದ್ನಂತೆ, ಇಬ್ಬರು ಒಡಹುಟ್ಟಿದವ್ರಿಗೋಸ್ಕರ ಇಲ್ಲಾ ಎಂಟು ಜನ ಕಸಿನ್‌ಗಳಿಗೋಸ್ಕರ ಆದ್ರೆ ಪ್ರಾಣ ಕೊಡ್ತೀನಿ ಅಂತ. ಈ ಹಾಲ್ಡೇನ್ 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲೇ ತೀರ್ಕೊಂಡ್ರು, ಅದು ಬೇರೆ ಕಥೆ.

ಆದ್ರೆ ರಕ್ತಸಂಬಂಧ ಒಂದೇ ಸಾಲಲ್ಲ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ರಾಘವೇಂದ್ರ ಗದಗ್ಕರ್ ಅಂತ ವಿಜ್ಞಾನಿ, ಕಾಗದದಂಥ ಗೂಡು ಕಟ್ಟೋ ಕಣಜದ ಹುಳಗಳನ್ನ ದಶಕಗಟ್ಟಲೆ ನೋಡಿದವ್ರು, ಅವ್ರು ಮತ್ತೆ ಅವರ ಜೊತೆಯವ್ರು ಕಂಡಿದ್ದೇನಪ್ಪಾ ಅಂದ್ರೆ ಒಂದೇ ಗೂಡಲ್ಲಿ ದುಡಿಯೋ ಹುಳಗಳ ಮಧ್ಯೆ ನೆಂಟಸ್ತಿಕೆ ನಾವು ಅಂದ್ಕೊಂಡಷ್ಟು ಹತ್ತಿರದ್ದಲ್ಲ, ಯಾಕಂದ್ರೆ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತೆ, ರಾಣಿಯರೂ ಬದಲಾಗ್ತಾ ಇರ್ತವೆ. ಹುಳಕ್ಕೇ ಹೀಗಾದ್ರೆ ಮನುಷ್ಯನ ಕಥೆ ಕೇಳ್ಬೇಕಾ. ಕೆರೆ ಏರಿ ಮನೆಯವ್ರಿಗೂ ನಮಗೂ ಯಾವ ಸಂಬಂಧಾನೂ ಇಲ್ಲ, ಆದ್ರೂ ನಾಲ್ಕು ಸೇರು ಅಕ್ಕಿ ತಂದು ಸುರಿದ್ರು.

(ಇಲ್ಲಿ ಹಿಂದಿನಿಂದ ಒಬ್ರು, ಅಜ್ಜಿಯರ ವಿಷಯ ಹೇಳ್ತೀನಿ ಅಂದಿದ್ರಲ್ಲಾ ಸಾರ್ ಅಂದ್ರು. ಪೋಸ್ಟರಲ್ಲಿ ಹಾಕಿದ್ದೆ, ಮರೆತಿದ್ದೆ.)

ಹೌದು, ಅಜ್ಜಿ. ಹೆಚ್ಚಿನ ಪ್ರಾಣಿಗಳಲ್ಲಿ ಹೆಣ್ಣು ಮರಿ ಹಾಕೋದು ನಿಂತ್ಮೇಲೆ ಬಹಳ ದಿನ ಬದುಕಲ್ಲ, ಮನುಷ್ಯರಲ್ಲಿ ಮತ್ತೆ ಕೆಲವು ತಿಮಿಂಗಿಲಗಳಲ್ಲಿ ಮಾತ್ರ ಮುಟ್ಟು ನಿಂತ್ಮೇಲೂ ದಶಕಗಟ್ಟಲೆ ಆಯಸ್ಸಿದೆ, ಯಾಕೆ? ಫಿನ್ಲೆಂಡ್ ಮತ್ತೆ ಕೆನಡಾದ ಹಳೇ ದಾಖಲೆಗಳನ್ನ ನೋಡಿ 2004ರಲ್ಲಿ ಒಂದು ಲೆಕ್ಕ ಬಂತು, 50 ದಾಟಿದ ಮೇಲೆ ಅಜ್ಜಿ ಬದುಕಿದ ಪ್ರತಿ 10 ವರ್ಷಕ್ಕೆ ಮೊಮ್ಮಕ್ಕಳು ಸರಾಸರಿ 2 ಹೆಚ್ಚು. ಬಾಣಂತನ ಮಾಡಿದವ್ರಿಗೆ ಇದನ್ನ ಯಾರೂ ಹೇಳಿಕೊಡೋದು ಬೇಡ ಬಿಡಿ. ಮಗಳಿಗೆ ಬಿಸಿನೀರು ಹುಯ್ದು, ಕೂಸಿಗೆ ಎಣ್ಣೆ ತಿಕ್ಕಿ, ದೊಡ್ಡ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಅಂಗಳ ಸುತ್ತೋ ಆ ಹೆಂಗಸು ಇಲ್ದಿದ್ರೆ ಎಷ್ಟೋ ಮಕ್ಕಳು ಉಳೀತಿರ್ಲಿಲ್ಲ.

ಸರಿ, ಕೆರೆ ಏರಿ ಮನೆಗೆ ಬರೋಣ. ಸಂಬಂಧ ಇಲ್ದೋರು ಯಾಕೆ ಕೊಡ್ತಾರೆ? 1971ರಲ್ಲಿ ರಾಬರ್ಟ್ ಟ್ರಿವರ್ಸ್ ಅಂತ ಅಮೆರಿಕದವ್ನು ಇದಕ್ಕೆ ಉತ್ತರ ಬರೆದ. ಇವತ್ತು ನಾನು ಕೊಟ್ಟಿದ್ದು ನನಗೆ ಸ್ವಲ್ಪ ನಷ್ಟ, ನಿನಗೆ ದೊಡ್ಡ ಲಾಭ, ನಾಳೆ ನನ್ನ ಹೊಟ್ಟೆ ಖಾಲಿ ಇದ್ದಾಗ ನೀನು ಕೊಟ್ರೆ ಇಬ್ರಿಗೂ ಲಾಭ, ಅಷ್ಟೇ ಸರಳ. ಇದಕ್ಕೆ ಒಳ್ಳೇ ಉದಾಹರಣೆ ಮಧ್ಯ ಅಮೆರಿಕದ ರಕ್ತ ಹೀರೋ ಬಾವಲಿ. ಹೆದರ್ಬೇಡಿ, ನಮ್ಮ ಹಳೇಬೀಡು ಬೇಲೂರು ಕಡೆ ಇರೋವು ಹಣ್ಣು ತಿನ್ನೋವು, ಹುಳ ಹಿಡಿಯೋವು. ಆ ರಕ್ತದ ಬಾವಲಿ ಎರಡು ಮೂರು ದಿನ ಊಟ ಸಿಗದೇ ಹೋದ್ರೆ ಸತ್ತೇ ಹೋಗುತ್ತೆ. ಕೋಸ್ಟರೀಕಾದಲ್ಲಿ ವಿಲ್ಕಿನ್ಸನ್ ಅನ್ನೋರು ಮರದ ಪೊಟರೆ ಕೆಳಗೆ ಕೂತು ನೋಡಿ 1984ರಲ್ಲಿ ಬರೆದ್ರು, ಹೊಟ್ಟೆ ತುಂಬಿದ ಬಾವಲಿ ಹಸಿದು ಬಂದಿದ್ದಕ್ಕೆ ತಾನು ಕುಡಿದ ರಕ್ತಾನ ಕಕ್ಕಿ ಕೊಡುತ್ತೆ. ಆಮೇಲೆ 2013ರಲ್ಲಿ ಅವರೂ ಅವರ ಶಿಷ್ಯರೂ ಸೇರಿ ತೋರಿಸಿದ್ದು ಇನ್ನೂ ಮಜಾ ಇದೆ, ಯಾರಿಗೆ ಕೊಡ್ಬೇಕು ಅನ್ನೋದಕ್ಕೆ ನೆಂಟಸ್ತಿಕೆಗಿಂತ ಹೆಚ್ಚಾಗಿ ಹಿಂದೆ ಯಾರು ತನಗೆ ಕೊಟ್ಟಿದ್ರು ಅನ್ನೋದೇ ಲೆಕ್ಕಕ್ಕೆ ಬರ್ತಿತ್ತು. ಬಾವಲಿಗೂ ಒಂದು ಪುಸ್ತಕ ಇದೆ ನೋಡಿ.

ಟ್ರಿವರ್ಸ್ ಹೇಳಿದ್ದರಲ್ಲಿ ನನಗೆ ಬಹಳ ಇಷ್ಟ ಆಗಿದ್ದು ಮುಂದಿನ ಭಾಗ. ಈ ಕೊಡು-ತಗೋ ವ್ಯವಹಾರ ನಡೀಬೇಕಾದ್ರೆ ತಗೊಂಡು ಕೊಡದೇ ಇರೋನನ್ನ ಹಿಡಿಯೋಕೆ ಗೊತ್ತಿರ್ಬೇಕು, ಇಲ್ಲಾಂದ್ರೆ ಕೊಟ್ಟೋನು ಮುಳುಗಿ ಹೋಗ್ತಾನೆ. ಅದಕ್ಕೇ ಕೃತಜ್ಞತೆ ಇದೆ, ಅದಕ್ಕೇ ಸಿಟ್ಟಿದೆ, ಅದಕ್ಕೇ ತಪ್ಪು ಮಾಡಿದಾಗ ಹೊಟ್ಟೆಯೊಳಗೆ ಕಿವುಚಿದ ಹಾಗೆ ಆಗೋದಿದೆ, ಇವೆಲ್ಲಾ ಮುಯ್ಯಿ ಪುಸ್ತಕದ ಗುಮಾಸ್ತರು. ಒಂದು ಸಲ ಬಸ್ಸಲ್ಲಿ, ಯಾವ ಬಸ್ಸು ಅಂತ ಬೇಡ, ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ '7' ಅಂತ ಬರೆದು ಕೊಟ್ರು, ಇಳಿಯೋವಾಗ ಕೇಳಿದ್ರೆ ಕೇಳಿಸದೋರ ಹಾಗೆ ರೈಟ್ ಅಂದುಬಿಟ್ರು. ಏಳು ರೂಪಾಯಿ ಸ್ವಾಮಿ. ಅವತ್ತು ಮಧ್ಯಾಹ್ನ ಊಟ ರುಚಿಸ್ಲಿಲ್ಲ, ಆ ಮುಖ ಈಗ್ಲೂ ನೆನಪಿದೆ, ಮೀಸೆ ಎಡಗಡೆ ಸ್ವಲ್ಪ ಬಿಳಿ. ಅದೇ ವಾರ ಸಾಲದ ಪೇಪರಿಗೆ ಓದದೇ ಸೈನ್ ಹಾಕಿ ಪ್ರೊಸೆಸಿಂಗ್ ಫೀ ಅಂತ ಸಾವಿರಗಟ್ಟಲೆ ಕೊಟ್ಟು ಬಂದಿದ್ದೆ, ಅದಕ್ಕೆ ಒಂದು ನಿಮಿಷಾನೂ ಸಿಟ್ಟು ಬಂದಿರ್ಲಿಲ್ಲ. ಯಾಕಂದ್ರೆ ಫಾರಂಗೆ ಮುಖ ಇಲ್ಲ. ತಲೆ ಹದವಾದ ಆ ಕಾಲದಲ್ಲಿ ಮೋಸಕ್ಕೆ ಯಾವಾಗ್ಲೂ ಒಂದು ಮುಖ ಇರ್ತಿತ್ತು.

ಬಸ್ಸಿನ ಮಾತು ಬಂತಲ್ಲ, ಈಗ ನಿಮಗೊಂದು ಪರೀಕ್ಷೆ. (ಬೋರ್ಡ್ ಮೇಲೆ ನಾಲ್ಕು ಚೌಕ ಬರೆದೆ.) ನಾಲ್ಕು ಕಾರ್ಡ್. ಒಂದು ಬದೀಲಿ ಅಕ್ಷರ, ಇನ್ನೊಂದು ಬದೀಲಿ ಅಂಕಿ. ನಿಮಗೆ ಕಾಣ್ತಿರೋದು ಅ, ಕ, 4, 7. ರೂಲ್ ಏನಂದ್ರೆ ಒಂದು ಕಡೆ ಸ್ವರ ಇದ್ರೆ ಹಿಂದುಗಡೆ ಸಮಸಂಖ್ಯೆ ಇರ್ಬೇಕು. ಈ ರೂಲ್ ಮುರಿದಿದೆಯಾ ಅಂತ ನೋಡೋಕೆ ಯಾವ ಯಾವ ಕಾರ್ಡ್ ತಿರುಗಿಸ್ಬೇಕು? (ಸುಮಾರು ಜನ 'ಅ ಮತ್ತೆ 4' ಅಂದ್ರು, ಇಬ್ರು ಬರೀ 'ಅ' ಅಂದ್ರು, ಮೇಷ್ಟ್ರೊಬ್ರು ಮಾತ್ರ ಸರಿಯಾಗಿ ಹೇಳಿದ್ರು.) ಸರಿ ಉತ್ತರ ಅ ಮತ್ತೆ 7. ನಾಲ್ಕರ ಹಿಂದೆ ಏನಿದ್ರೂ ರೂಲ್ ಮುರಿಯಲ್ಲ, 7ರ ಹಿಂದೆ ಸ್ವರ ಇದ್ರೆ ಮುರಿಯುತ್ತೆ. ಬೇಜಾರ್ ಮಾಡ್ಕೋಬೇಡಿ, 1966ರಲ್ಲಿ ವೇಸನ್ ಅನ್ನೋ ಮನೋವಿಜ್ಞಾನಿ ಇದನ್ನ ಮಾಡಿದಾಗಿನಿಂದ ಓದಿದವ್ರೇ ಹೆಚ್ಚಿನ ಪಾಲು ತಪ್ಪು ಮಾಡ್ತಾ ಬಂದಿದಾರೆ.

ಈಗ ಇನ್ನೊಂದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಕರ್ನಾಟಕದ ಹೆಣ್ಣುಮಕ್ಕಳಿಗೆ ಆರ್ಡಿನರಿ ಬಸ್ಸಲ್ಲಿ ಝೀರೋ ಟಿಕೆಟ್. ಬಸ್ಸಲ್ಲಿ ನಾಲ್ಕು ಜನ ಹೆಂಗಸರು ಕೂತಿದಾರೆ. ಒಬ್ರ ಕೈಲಿ ಝೀರೋ ಟಿಕೆಟ್ ಇದೆ, ಒಬ್ರು ದುಡ್ಡು ಕೊಟ್ಟು ಟಿಕೆಟ್ ತಗೊಂಡಿದಾರೆ, ಒಬ್ರ ಆಧಾರ್ ಕರ್ನಾಟಕದ್ದು, ಒಬ್ರದ್ದು ಕೇರಳದ್ದು. ಚೆಕಿಂಗ್‌ನವ್ರು ಹತ್ತಿದ್ರು. ಯಾರ್ಯಾರನ್ನ ವಿಚಾರಿಸ್ಬೇಕು?

(ನಾನು ಪ್ರಶ್ನೆ ಮುಗಿಸೋಕೆ ಮುಂಚೆನೇ ಎಡಗಡೆ ಮೂರನೇ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ, 'ಝೀರೋ ಟಿಕೇಟಿನೋಳ್ದು ಆಧಾರ ನೋಡೂದು, ಕೇರಳದೋಳ್ದು ಟಿಕೇಟು ನೋಡೂದು, ಇನ್ನಿಬ್ರು ಹತ್ರ ಏನ್ ಕೆಲ್ಸ?' ಅಂದ್ರು. ಸಭೆ ಎಲ್ಲಾ ನಕ್ತು.)

ಇದೇ ಮೊದಲಿನ ಲೆಕ್ಕ! ಅ ಬದ್ಲು ಝೀರೋ ಟಿಕೆಟ್, 7ರ ಬದ್ಲು ಕೇರಳ, ಅಷ್ಟೇ. ಲೀಡಾ ಕಾಸ್ಮಿಡಿಸ್ ಅನ್ನೋ ವಿಜ್ಞಾನಿ 1989ರಲ್ಲಿ ಇಂಥ ಪರೀಕ್ಷೆಗಳನ್ನ ಇಟ್ಕೊಂಡು ವಾದ ಮಾಡಿದ್ರು, ಮನುಷ್ಯನ ತಲೇಲಿ ಎಲ್ಲಾ ತರ್ಕಕ್ಕೂ ಒಂದೇ ಕಂಪ್ಯೂಟರ್ ಇಲ್ಲ, ಹಕ್ಕಿಲ್ದೆ ಲಾಭ ತಗೊಂಡೋನನ್ನ ಹಿಡಿಯೋಕೇ ಒಂದು ಬೇರೆ ಸಾಮರ್ಥ್ಯ ಬೆಳೆದಿದೆ ಅಂತ. ಎಲ್ರೂ ಇದನ್ನ ಒಪ್ಪಲ್ಲ, ಅದನ್ನೂ ಹೇಳ್ಬೇಕು, ನಿಯಮ ಅಂದ್ರೆ ಯಾವ ನಿಯಮ ಆದ್ರೂ ನಮಗೆ ಅಕ್ಷರ-ಅಂಕಿಗಿಂತ ಸಲೀಸು ಅನ್ನೋರೂ ಇದಾರೆ, ಇದರಲ್ಲಿ ವಂಶವಾಹಿ ಎಷ್ಟು, ಬೆಳೆದ ರೀತಿ ಎಷ್ಟು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಪೂರ್ತಿ ಪ್ರತ್ಯೇಕ ಯಂತ್ರ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಆದ್ರೆ ಆ ಅಜ್ಜಿ ಉತ್ತರ ಹೇಳಿದ ಸ್ಪೀಡಿಗೆ ಏನೋ ಒಂದು ಕಾರಣ ಇರ್ಲೇಬೇಕು.

ಇನ್ನು ಕೊಡು-ತಗೋ ಆಟದಲ್ಲಿ ಯಾವ ನಡೆ ಗೆಲ್ಲುತ್ತೆ? ಇದನ್ನ 1980ರ ಹೊತ್ತಿಗೆ ರಾಬರ್ಟ್ ಆಕ್ಸೆಲ್‌ರಾಡ್ ಅನ್ನೋ ಅಮೆರಿಕದ ಪ್ರೊಫೆಸರ್ ಕಂಪ್ಯೂಟರಲ್ಲಿ ಪಂದ್ಯ ಇಟ್ಟು ನೋಡಿದ್ರು. ಪ್ರತಿ ಸುತ್ತಲ್ಲೂ ಸಹಕಾರ ಕೊಡ್ಬೇಕಾ, ಮೋಸ ಮಾಡ್ಬೇಕಾ ಅಂತ ತೀರ್ಮಾನ ಮಾಡೋ ಪ್ರೋಗ್ರಾಂಗಳು ಮೊದಲ ಸಲ 14 ಬಂದ್ವು, ಎರಡನೇ ಸಲ 62. ಭಾರೀ ಬುದ್ಧಿವಂತರು ಬರೆದ, ಸಂಚು ಹೂಡೋ ಪ್ರೋಗ್ರಾಂಗಳೂ ಇದ್ವು. ಎರಡು ಸಲವೂ ಗೆದ್ದಿದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ ತೀರಾ ಚಿಕ್ಕದೊಂದು: ಮೊದಲ ಸಲ ಸಹಕಾರ ಕೊಡು, ಆಮೇಲೆ ಎದುರಿನವನು ಹಿಂದಿನ ಸಲ ಏನು ಮಾಡಿದ್ನೋ ಅದನ್ನೇ ಮಾಡು. ಕನ್ನಡದಲ್ಲಿ ಮುಯ್ಯಿಗೆ ಮುಯ್ಯಿ ಅಂದ್ರೆ ಮುಗೀತು. ತಾನಾಗಿ ಮೋಸ ಮಾಡಲ್ಲ, ಮಾಡಿದ್ರೆ ಬಿಡಲ್ಲ, ಸರಿ ಹೋದ್ರೆ ಹಳೇದನ್ನ ಎತ್ತಲ್ಲ. ಆಮೇಲೆ ಬಂದವ್ರು ಇದರಲ್ಲೂ ಒಂದು ಕೊರತೆ ಕಂಡ್ರು, ಒಂದು ಸಲ ತಪ್ಪು ತಿಳ್ಕೊಂಡ್ರೆ ಸಾಕು, ನೀನು ನನಗೆ ನಾನು ನಿನಗೆ ಅಂತ ಸೇಡು ಮುಗಿಯೋದೇ ಇಲ್ಲ, ಹಾಗಾಗಿ ಆಗಾಗ ಒಂದೊಂದು ಸಲ ಕ್ಷಮಿಸೋ ಪ್ರೋಗ್ರಾಂ ಇನ್ನೂ ಚೆನ್ನಾಗಿ ನಡೀತು. ನಮ್ಮಜ್ಜನ 'ಬಂದಿಲ್ಲ' ಮನೆ ನೆನಪು ಮಾಡ್ಕೊಳ್ಳಿ. ಕರೆಯೋಕೆ ಹೋದ ಹುಡುಗ ಅವರ ಮನೆ ಬಾಗಿಲು ಮುಚ್ಚಿತ್ತು ಅಂತ ಕುಂಕುಮ ಇಡದೇ ವಾಪಸ್ ಬಂದಿದ್ನಂತೆ, ಅದು ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಅಷ್ಟರಲ್ಲಿ ಬೇಲಿ ಜಗಳ, ನೀರಿನ ಜಗಳ, ಎರಡು ಮದುವೆ, ಒಂದು ಸಾವು ಎಲ್ಲಾ ಪರಸ್ಪರ ಹೋಗದೇ ಮುಗಿದಿತ್ತು.

ಇನ್ನೊಂದು ಮುಖ್ಯ ವಿಷಯ, ಈ ಸಹಕಾರ ನಿಲ್ಲೋದು ಮುಂದೆ ಮತ್ತೆ ಸಿಗ್ತೀವಿ ಅನ್ನೋವರೆಗೆ ಮಾತ್ರ. ಇದೇ ಕೊನೇ ಆಟ ಅಂತ ಗೊತ್ತಾದ್ರೆ ಲೆಕ್ಕದ ಪ್ರಕಾರ ಮೋಸ ಮಾಡೋದೇ ಲಾಭ. (ಇಲ್ಲಿ ಅದೇ ಅಜ್ಜಿ ಮತ್ತೆ ಕೈ ಎತ್ತಿದ್ರು. 'ಅದ್ಕೇ ಕಣಪ್ಪ ಒಂದ್ರೂಪಾಯಿ ಹೆಚ್ಗೆ ಹಾಕೂದು. ಅವ್ರು ಐವತ್ತೊಂದು ಕೊಟ್ಟಿದ್ರೆ ಐವತ್ತೊಂದೇ ಕೊಟ್ರೆ ಲೆಕ್ಕ ಚುಕ್ತಾ ಮಾಡ್ದಂಗಾಯ್ತದೆ, ಇನ್ ನಿಮ್ ಸಾವಾಸ ಬ್ಯಾಡ ಅಂದಂಗೆ. ಸಮ ಮಾಡ್ಬಾರ್ದು, ಯಾವಾಗ್ಲೂ ವಸಿ ಬಾಕಿ ಇರ್ಬೇಕು.') ನಾನು ಇಪ್ಪತ್ತು ವರ್ಷ ಗೇಮ್ ಥಿಯರಿ, ಅಂದ್ರೆ ಇಂಥ ಕೊಡು-ತಗೋ ಆಟಗಳ ಲೆಕ್ಕ, ಪಾಠ ಮಾಡಿದೀನಿ, ಇಷ್ಟು ಚೆನ್ನಾಗಿ ಒಂದಿನಾನೂ ಹೇಳಿಲ್ಲ.

ಬಾಕಿ ಇರ್ಬೇಕು ಅನ್ನೋದನ್ನೇ ಇನ್ನೊಂದು ಕಡೆಯಿಂದ ನೋಡೋಣ. ನಿಮಗೆ ನೂರು ರೂಪಾಯಿ ಕೊಟ್ಟು, ಪಕ್ಕದವ್ರ ಜೊತೆ ಹಂಚ್ಕೋ, ಎಷ್ಟು ಕೊಡ್ತೀಯೋ ನಿನ್ನಿಷ್ಟ, ಆದ್ರೆ ಅವ್ರು ಬೇಡ ಅಂದ್ರೆ ಇಬ್ರಿಗೂ ಇಲ್ಲ ಅಂತಾರೆ. ಲಾಭ ಮಾತ್ರ ನೋಡೋನು ಒಂದು ರೂಪಾಯಿ ಕೊಟ್ರೂ ತಗೋಬೇಕು, ಒಂದು ಬಂತಲ್ಲ. ಎಷ್ಟೋ ಜನ ತಗೊಳ್ಳಲ್ಲ, ಹತ್ತೋ ಹದಿನೈದೋ ಕೊಟ್ರೆ 'ನೀನೇ ಇಟ್ಕೋ ಹೋಗು' ಅಂತ ತಾವೂ ಕಳ್ಕೊಂಡು ಅವನಿಗೂ ಕಳೀತಾರೆ. ಜೋಸೆಫ್ ಹೆನ್ರಿಕ್ ಮತ್ತೆ ಜೊತೆಯವ್ರು 15 ಸಣ್ಣ ಸಮಾಜಗಳಲ್ಲಿ ಈ ಆಟ ಆಡಿಸಿ 2001ರಲ್ಲಿ ಪ್ರಕಟಿಸಿದ್ರು. ಪೆರುವಿನ ಕಾಡಲ್ಲಿ ಮನೆಮಂದಿ ಮಾತ್ರ ಸೇರಿ ಬದುಕೋ ಮಾಚಿಗೆಂಗ ಜನ ಸರಾಸರಿ 26 ಪರ್ಸೆಂಟ್ ಕೊಟ್ರು, ಇಂಡೊನೇಷ್ಯಾದ ಲಮಲೆರದಲ್ಲಿ ದೋಣಿ ತುಂಬ ಜನ ಸೇರಿ ತಿಮಿಂಗಿಲ ಬೇಟೆ ಆಡೋರು 58 ಪರ್ಸೆಂಟ್ ಕೊಟ್ರು. ಅಂದ್ರೆ ಪುಸ್ತಕ ಎಲ್ರ ತಲೇಲೂ ಇದೆ, ರೇಟು ಮಾತ್ರ ಬದುಕೋ ರೀತಿ ಮೇಲೆ. ಎಲ್ಲಕ್ಕಿಂತ ವಿಚಿತ್ರ ಪಪುವಾ ನ್ಯೂಗಿನಿಯ ಔ ಮತ್ತೆ ಗ್ನೌ ಅನ್ನೋ ಜನದ್ದು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಟ್ರೂ ಬೇಡ ಅಂದವ್ರು ಇದ್ರು. ಯಾಕಂದ್ರೆ ಅಲ್ಲಿ ಕೇಳದೇ ಬಂದ ದೊಡ್ಡ ಉಡುಗೊರೆ ಅಂದ್ರೆ ತಲೆ ಮೇಲೊಂದು ಭಾರ, ಯಾವತ್ತೋ ಅವನು ಹೇಳಿದಾಗ ತೀರಿಸ್ಬೇಕು.

ಇದನ್ನ ಓದಿ ನನಗೆ ನ್ಯೂಗಿನಿ ನೆನಪಾಗ್ಲಿಲ್ಲ, ನಮ್ಮ ನೆಂಟರ ಮನೆ ಮದುವೆ ಕಾರ್ಡ್ ನೆನಪಾಯ್ತು. ಅದರ ಕೆಳಗೆ 'ಆಶೀರ್ವಾದವೇ ಉಡುಗೊರೆ' ಅಂತ ಪ್ರಿಂಟ್ ಹಾಕಿಸಿದ್ರು. ಓದಿದ ಹುಡುಗರಿಗೆ ಅದು ದೊಡ್ಡ ಗುಣ ಅನ್ನಿಸ್ತು. ಊರಲ್ಲಿ ಮುದುಕರು ಕಾರ್ಡ್ ಕೆಳಗಿಟ್ಟು, 'ನಮ್ಮ ಮುಯ್ಯಿ ಬ್ಯಾಡ್ವಂತೆ, ಅಂದ್ರೆ ನಾಳೆ ನಮ್ಮನೆಗೆ ಬರೋ ಮನಸ್ಸಿಲ್ಲ ಅಂತ ತಾನೆ' ಅಂತ ಅರ್ಧ ಜನ ಹೋಗ್ಲೇ ಇಲ್ಲ.

ಊರು ಅಂದ್ರೆ ಬರೀ ಇಬ್ರ ಲೆಕ್ಕ ಅಲ್ಲ, ಮೂರನೇಯವ್ನು ನೋಡ್ತಿರ್ತಾನೆ. ನಾನು ನಿಮಗೆ ಮೋಸ ಮಾಡಿದ್ದು ಸಂಜೆ ಹೊತ್ತಿಗೆ ಅರಳಿಕಟ್ಟೆಗೆ ಗೊತ್ತಾಗುತ್ತೆ, ನಾಳೆಯಿಂದ ನನಗೆ ಯಾರೂ ಸಾಲ ಕೊಡಲ್ಲ. ರಾಬಿನ್ ಡನ್‌ಬಾರ್ ಮತ್ತೆ ಜೊತೆಯವ್ರು ಜನ ಸುಮ್ನೆ ಕೂತು ಮಾತಾಡೋದನ್ನ ಕದ್ದು ಕೇಳಿ ಲೆಕ್ಕ ಇಟ್ಟಾಗ ಮೂರನೇ ಎರಡು ಪಾಲು ಮಾತು ಜನರ ಬಗ್ಗೆನೇ ಇತ್ತು, ಯಾರು ಯಾರ ಜೊತೆ ಹೇಗಿದಾರೆ ಅನ್ನೋದು. ಕಾಡುಹರಟೆ ಅಂತ ಬೈತೀವಿ, ಅದು ಊರಿನ ಆಡಿಟ್. ಇಂಗ್ಲೆಂಡಿನ ನ್ಯೂಕಾಸಲ್ ಯೂನಿವರ್ಸಿಟೀಲಿ ಕಾಫಿ ಟೀ ಕುಡಿದು ಡಬ್ಬಕ್ಕೆ ತಾವೇ ದುಡ್ಡು ಹಾಕೋ ಜಾಗದಲ್ಲಿ ಒಂದು ವಾರ ಹೂವಿನ ಚಿತ್ರ, ಒಂದು ವಾರ ದಿಟ್ಟಿಸಿ ನೋಡೋ ಕಣ್ಣಿನ ಚಿತ್ರ ಅಂಟಿಸಿದ್ರಂತೆ, ಕಣ್ಣಿದ್ದ ವಾರ ಹತ್ರ ಹತ್ರ ಮೂರು ಪಟ್ಟು ದುಡ್ಡು. 2006ರಲ್ಲಿ ಇದು ಭಾರೀ ಹೆಸರು ಮಾಡ್ತು, ಆಮೇಲೆ ಬೇರೆಯವ್ರು ಮಾಡಿ ನೋಡಿದಾಗ ಒಂದೊಂದು ಕಡೆ ಒಂದೊಂದು ಥರ ಬಂತು, ಹಾಗಾಗಿ ನಿಮ್ಮ ಅಂಗಡೀಲಿ ಕಣ್ಣಿನ ಚಿತ್ರ ಅಂಟಿಸಿ ಸಿಸಿಟಿವಿ ತೆಗೀಬೇಡಿ.

ನೋಡೋರು ಯಾರೂ ಇಲ್ದಾಗ ಏನು ಮಾಡೋದು ಅಂತ ನಮ್ಮ ಜಿಲ್ಲೆಯವ್ರು ಹದಿನೈದು ಶತಮಾನದ ಹಿಂದೆನೇ ಯೋಚನೆ ಮಾಡಿದ್ರು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಎಂ. ಎಚ್. ಕೃಷ್ಣ ಅವ್ರು 1936ರಲ್ಲಿ ಬೆಳಕಿಗೆ ತಂದಿದ್ದು, ಊರಲ್ಲಿ ಈಗ ಅದರ ಪ್ರತಿಕೃತಿ ಇದೆ. ಶಾಲೇಲಿ ಎಲ್ರೂ ಅದನ್ನ ಕನ್ನಡದ ಹಳೇ ಶಾಸನ ಅಂತ ಬಾಯಿಪಾಠ ಮಾಡ್ತೀವಿ, ಅದರಲ್ಲಿ ಏನು ಬರೆದಿದೆ ಅಂತ ಕೇಳಿದ್ರೆ ಆಕಾಶ ನೋಡ್ತೀವಿ. ಅದು ಮುಯ್ಯಿ ಪುಸ್ತಕ ಸ್ವಾಮಿ! ಯುದ್ಧದಲ್ಲಿ ಹೋರಾಡಿದ ವಿಜ ಅರಸ ಅನ್ನೋನಿಗೆ ಹಳ್ಳಿಗಳನ್ನ ಬಾಳ್ಗಳ್ಚು ಕೊಟ್ರು, ಅಂದ್ರೆ ಕತ್ತಿ ತೊಳೆದು ಕೊಡೋ ಕೊಡುಗೆ, ಅಂತ ಇದೆ. ಕೊನೇಲಿ ಇದನ್ನ ಅಳಿದವ್ರಿಗೆ 'ಮಹಾಪಾತಕಂ' ಅಂತ ಶಾಪ ಇದೆ. ಅವನು ಪ್ರಾಣ ಒತ್ತೆ ಇಟ್ಟ, ಇವ್ರು ನೆಲ ಕೊಟ್ರು, ನಾಳೆ ಯಾರಾದ್ರೂ ಈ ಲೆಕ್ಕ ಮುರಿದ್ರೆ ಹಿಡಿಯೋಕೆ ನಾವು ಇರಲ್ಲ, ಅದಕ್ಕೆ ದೇವ್ರ ಲೆವೆಲ್ಲಿನ ಚೆಕಿಂಗ್ ಇನ್‌ಸ್ಪೆಕ್ಟರ್.

ಈಗ ಈ ಪುಸ್ತಕದ ಕೊನೇ ಪುಟಕ್ಕೆ ಬರ್ತೀನಿ, ಇದನ್ನ ಹೇಳೋಕೆ ಸ್ವಲ್ಪ ಮುಜುಗರ ಆಗುತ್ತೆ. ಹದಿನೇಳು ಪುಟ ಮುಯ್ಯಿ, ಎಲ್ಲಾ ನಮ್ಮ ಜನದ್ದೇ. ಚಪ್ಪರ ಹಾಕಿದವ್ರು, ತಮಟೆ ಬಡಿದವ್ರು, ಸೌದೆ ಒಡೆದವ್ರು, ಊರಾಚೆ ಕೇರಿಯವ್ರು, ಅವರ ಹೆಸರು ಕೊನೇ ಪುಟದಲ್ಲಿ ಬೇರೆ ಪಟ್ಟಿ ಮಾಡಿದಾರೆ. ಹೆಸರಿನ ಮುಂದೆ '3 ಆ', '2 ಆ', '5 ಆ' ಅಂತಿದೆ. ಆಣೆ ಇರ್ಬೇಕು, ಕೂಲಿ ಕೊಟ್ಟಿದ್ದು. ಆಣೆ ಲೆಕ್ಕ 1957ರಲ್ಲೇ ಸರ್ಕಾರ ತೆಗೆದುಹಾಕಿತ್ತು, ಅಜ್ಜ ಬಿಟ್ಟಿರ್ಲಿಲ್ಲ ಅನ್ಸುತ್ತೆ. 1974ರಲ್ಲಿ ಮೂರಾಣೆ ಅಂದ್ರೆ ಏನೇನೂ ಅಲ್ಲ, ಆದ್ರೆ ಹಾಗೇ ನಡೀತಿತ್ತೇನೋ. ಪಕ್ಕದ ಕಾಲಂ ಪೂರ್ತಿ ಖಾಲಿ.

ನಮ್ಮವ್ರು ಬೇರೆಯವ್ರು ಅಂತ ಗೆರೆ ಎಳೆಯೋ ಚಟ ನಮ್ಮ ತಲೇಲಿ ಎಷ್ಟು ಸಲೀಸು ಅಂತ 1970ರಲ್ಲಿ ಹೆನ್ರಿ ತಾಜ್ಫೆಲ್ ಅನ್ನೋ ಮನೋವಿಜ್ಞಾನಿ ತೋರಿಸ್ದ. ಇಂಗ್ಲೆಂಡಿನ ಬ್ರಿಸ್ಟಲಲ್ಲಿ ಹದಿನಾಲ್ಕು ಹದಿನೈದು ವರ್ಷದ ಹುಡುಗರಿಗೆ, ನೀವು ಈ ಚಿತ್ರಕಾರನ್ನ ಇಷ್ಟಪಡೋ ಗುಂಪು, ಅವ್ರು ಆ ಚಿತ್ರಕಾರನ್ನ ಇಷ್ಟಪಡೋ ಗುಂಪು ಅಂತ ಹೇಳಿದ್ರು, ನಿಜ ಅಂದ್ರೆ ಚೀಟಿ ಎತ್ತಿದ ಹಾಗೆ ಸುಮ್ನೆ ಹಂಚಿದ್ದು. ಅಷ್ಟಕ್ಕೇ ಹುಡುಗರು ದುಡ್ಡು ಹಂಚೋವಾಗ ತಮ್ಮ ಗುಂಪಿಗೆ ಜಾಸ್ತಿ ಹಾಕಿದ್ರು, ಎಷ್ಟೋ ಸಲ ತಮ್ಮ ಗುಂಪಿಗೆ ಕಮ್ಮಿ ಬಂದ್ರೂ ಪರವಾಗಿಲ್ಲ, ಅವ್ರಿಗಿಂತ ಜಾಸ್ತಿ ಇದ್ರೆ ಸಾಕು ಅನ್ನೋ ಹಾಗೆ. ಗೆರೆ ಎಳೆಯೋ ಕೈ ಹಳೇದು. ಆದ್ರೆ ಗೆರೆ ಎಲ್ಲಿ ಅನ್ನೋದು ಹಳೇದಲ್ಲ, ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ಜಾತಿ ನಮ್ಮ ರಕ್ತದಲ್ಲೇ ಇದೆ ಅಂತ ವಿಜ್ಞಾನದ ಹೆಸರಲ್ಲಿ ಹೇಳೋರು ಸಿಗ್ತಾರೆ. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತೆ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಸ್ಥೆಯವ್ರು ಎಲ್ಲಾ ಸೇರಿ ಭಾರತದವರ ಡಿಎನ್‌ಎ ನೋಡಿ ಬರೆದಿದ್ದು, ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನವರೆಗೂ ಇಲ್ಲಿನ ಜನ ಚೆನ್ನಾಗಿ ಬೆರೆತಿದ್ರು, ಒಳಗೊಳಗೇ ಮದುವೆ ಆಗೋದು ಗಟ್ಟಿಯಾಗಿದ್ದು ಆಮೇಲೆ. ಆಗ್ಲೇ ಹೇಳಿದ ಒಂದು ದಿನದ ಲೆಕ್ಕದಲ್ಲಿ ಕೊನೇ ಒಂಬತ್ತು ನಿಮಿಷ.

(ಪ್ರಶ್ನೆಗಳು ಸುಮಾರು ಬಂದ್ವು. ಎರಡು ಬರೀತೀನಿ.)

ಒಬ್ಬ ಹುಡುಗಿ ಕೇಳಿದ್ಳು, ಹಾಗಾದ್ರೆ ನಿಸ್ವಾರ್ಥ ಅನ್ನೋದೇ ಸುಳ್ಳಾ ಸಾರ್, ಎಲ್ಲಾ ಲೆಕ್ಕಾಚಾರಾನಾ? ಅಲ್ಲಮ್ಮ. ಹೋಳಿಗೆ ತಿನ್ನೋವಾಗ ನೀನು ಕ್ಯಾಲೋರಿ ಲೆಕ್ಕ ಹಾಕ್ತೀಯಾ? ಸಿಹಿ ಅನ್ನಿಸುತ್ತೆ, ತಿಂತೀಯ. ಸಿಹಿ ಯಾಕೆ ಸಿಹಿ ಅನ್ಸುತ್ತೆ ಅನ್ನೋದಕ್ಕೆ ಲಕ್ಷಾಂತರ ವರ್ಷದ ಹಸಿವಿನ ಕಾರಣ ಇದೆ, ಅದು ಬೇರೆ. ಹಾಗೇ ಗೆಳತಿಗೆ ನೋವಾದಾಗ ನಿನಗಾಗೋ ಸಂಕಟ ನಿಜವಾದ ಸಂಕಟಾನೇ, ಒಳಗೆ ಯಾರೂ ಕೂತು ಲಾಭ ನೋಡ್ತಿಲ್ಲ.

ಇನ್ನೊಬ್ರು ಹಳೇಬೀಡಿನವ್ರು, ದೇವಸ್ಥಾನದ ಹತ್ರ ಇರೋ ಗರುಡಗಂಬದ ಬಗ್ಗೆ ಕೇಳಿದ್ರು. ಎರಡನೇ ವೀರಬಲ್ಲಾಳ ತೀರ್ಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಹೆಂಡತಿ, ಜೊತೆಯ ವೀರರು ಎಲ್ಲಾ ತಲೆ ಕೊಟ್ರು, ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡ್ಕೊಳ್ಳೋ ಶಿಲ್ಪ ಇದೆ. ರಾಜ ಸತ್ತೇ ಹೋದ್ಮೇಲೆ ಯಾರಿಂದ ಮುಯ್ಯಿ ವಾಪಸ್ ಬರುತ್ತೆ ಸಾರ್, ಅಂದ್ರು. ಒಳ್ಳೇ ಪ್ರಶ್ನೆ. ನಮ್ಮ ಹಳೇ ಕನ್ನಡದಲ್ಲಿ ಜೋಳವಾಳಿ ಅಂತ ಪದ ಇದೆ, ಒಡೆಯನ ಜೋಳ ತಿಂದಿದ್ದಕ್ಕೆ ಪ್ರಾಣ ಕೊಟ್ಟಾದ್ರೂ ಋಣ ತೀರಿಸೋದು. ಅಂದ್ರೆ ಆ ಭಾಷೆ ಮುಯ್ಯಿದೇ. ಆದ್ರೆ ಟ್ರಿವರ್ಸ್ ಲೆಕ್ಕದಲ್ಲಿ ಇದು ಕೂರಲ್ಲ, ಹಳೇ ಯಂತ್ರಕ್ಕೆ ರಾಜ್ಯ, ಕೀರ್ತಿ, ಧರ್ಮ ಎಲ್ಲಾ ಸೇರಿ ಬೇರೆ ಇಂಜಿನ್ ಕಟ್ಟಿದಾರೆ. ಎಲ್ಲದಕ್ಕೂ ವಿಕಾಸದ ಕಥೆ ಹೆಣೆಯೋ ಚಟದ ಬಗ್ಗೆ ಗೌಲ್ಡ್ ಮತ್ತೆ ಲೆವಾಂಟಿನ್ ಅನ್ನೋ ಜೀವವಿಜ್ಞಾನಿಗಳು 1979ರಲ್ಲೇ ಬೈದಿದಾರೆ, ನಾನು ಇಲ್ಲಿ ಸುಮ್ನಿರೋದು ವಾಸಿ.

ಇಷ್ಟು ಹೇಳಿ ಇಳಿದೆ. ಕಾಫಿ ಕೊಡ್ತಿದ್ರು. ಆ ಅಜ್ಜಿ ಮೊಮ್ಮಗನ ಕೈ ಹಿಡ್ಕೊಂಡು ಮೆಲ್ಲಗೆ ಬಂದು ಪುಸ್ತಕ ನೋಡ್ಬೇಕು ಅಂದ್ರು. ಓದೋಕೆ ಬರ್ತದೆ, ನಾಲ್ಕನೇ ಕ್ಲಾಸು ಅಂದ್ರು. ನಾನು ಮೊದಲ ಪುಟ ತೆಗೆದುಕೊಟ್ಟೆ, ಅವ್ರು ಅದನ್ನ ನೋಡ್ಲಿಲ್ಲ, ನೇರ ಕೊನೇ ಪುಟಕ್ಕೆ ಹೋದ್ರು. ಬೆರಳು ಇಟ್ಕೊಂಡು ಒಂದೊಂದೇ ಹೆಸರು ಓದಿದ್ರು, ಎರಡು ಕಡೆ ನಿಂತ್ರು.

'ಆಣೆ ಅಲ್ಲ ಕಣಪ್ಪ ಇದು. ಆಳು. ಮೂರು ಆಳು, ಐದು ಆಳು. ನಮ್ ಕಡೆ ಹಂಗೇ ಬರೀತಿದ್ರು. ದುಡ್ಡು ಇಲ್ದೋರು ಆಳು ಹಾಕ್ತಿದ್ರು ಮುಯ್ಯಿಗೆ. ಈ ಮನೆಯೋರು ಐದು ಆಳು ಬಂದವ್ರೆ ನೋಡು, ಮೂರು ದಿನನಾದ್ರೂ ಗೇದಿರ್ತಾರೆ.'

ಆಮೇಲೆ ಪಕ್ಕದ ಖಾಲಿ ಕಾಲಂ ಮೇಲೆ ಬೆರಳು ಎಳ್ಕೊಂಡು ಮೇಲಿಂದ ಕೆಳಗೆ ಬಂದ್ರು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ರು, ಕಾಫಿ ಆರೋಗ್ತದೆ ಕುಡಿ ಅಂದ್ರು.